ಲಕ್ವ ಹೊಡೆದು 12 ದಿನ, ನಿಲ್ಸಿದ್ರೆ ಎಡಕ್ಕೇ ವಾಲ್ತಾರೆ: ನಡಿಗೆ ಎಲ್ಲಿಂದ ಶುರು ಮಾಡ್ಸೋದು?

ತೀರ್ಥಹಳ್ಳಿ_ಹೋಂಕೇರ್
ಫಿಸಿಯೋದವರು, ನರ್ಸಿಂಗ್‌ನವರು ಯಾರಾದ್ರೂ ಇದ್ರೆ ಹೇಳಿ. ಪೇಷಂಟ್ 64 ವರ್ಷದ ಗಂಡಸು, ಅಡಿಕೆ ತೋಟದವರು. ಮೆದುಳಿನ ಬಲಭಾಗದಲ್ಲಿ ಸ್ಟ್ರೋಕ್, ಎಡ ಕೈಕಾಲು ಸ್ವಾಧೀನ ಕಮ್ಮಿ. ಇವತ್ತಿಗೆ 12 ದಿನ, ಡಿಸ್ಚಾರ್ಜ್ ಆಗಿ ಮನೇಲಿದಾರೆ. ಬಿಪಿ ಹತೋಟೀಲಿದೆ, ಮಾತು ಸರಿ ಇದೆ, ನುಂಗೋದಕ್ಕೆ ತೊಂದ್ರೆ ಇಲ್ಲ. ಕೂತಲ್ಲಿ ಎಡ ಮಂಡಿ ಮುಕ್ಕಾಲು ಪಾಲು ನೀಡ್ತಾರೆ, ಪಾದ ಮೇಲೆತ್ತಕ್ಕೆ ಆಗಲ್ಲ.

ತಲೆನೋವು ಬ್ಯಾಲೆನ್ಸಿಂದು. ಮಂಚದ ಅಂಚಲ್ಲಿ ಕೂರ್ಸಿದ್ರೆ ಬಲಗೈ ಹಾಸಿಗೆಗೆ ಊರಿ ಎಡಕ್ಕೆ ವಾಲ್ತಾರೆ. ನಿಲ್ಸಿದ್ರೆ ಇನ್ನೂ ಜಾಸ್ತಿ. ನಾವು ಬಲಕ್ಕೆ ಎಳೆದಷ್ಟೂ ಅವರು ಎಡಕ್ಕೆ ದೂಡ್ತಾರೆ, "ನನ್ನ ಬೀಳಿಸ್ತೀರಾ" ಅಂತ ಬೈತಾರೆ. ಮನೆಯವರು ಆ ಕಡೆ ಈ ಕಡೆ ಕಂಕುಳಿಗೆ ಕೈ ಕೊಟ್ಟು ದಿನಕ್ಕೆರಡು ಸಲ ಜಗಲಿ ಮೇಲೆ ನಡೆಸ್ತಿದಾರೆ. ವಾಕರ್ ಬೇರೆ ತಂದಿಟ್ಟಿದಾರೆ. ವಾಕರ್ ಕೊಡೋದಾ, ಕೋಲು ಕೊಡೋದಾ? ಅಥವಾ ಕೂತಲ್ಲಿ ಬ್ಯಾಲೆನ್ಸ್ ಬರೋ ತನಕ ನಡೆಸೋದೇ ಬೇಡ್ವಾ?

ಸಾಗರದ_ಸಿಸ್ಟರ್
ಮೊದ್ಲು ಕಂಕುಳಿಗೆ ಕೈ ಹಾಕೋದು ನಿಲ್ಸಿ. ಸ್ವಾಧೀನ ಇಲ್ಲದ ಭುಜ ಕೀಲಿಂದ ಜಾರತ್ತೆ, ಆಮೇಲೆ ಆ ನೋವಿಂದಾನೇ ಕೂರಲ್ಲ, ಏಳಲ್ಲ.

ಕೊಪ್ಪ_ನ್ಯೂರೋಫಿಸಿಯೋ
ನೀವು ಬರೆದಿರೋದ್ರಲ್ಲೇ ಉತ್ತರ ಇದೆ: "ಎಳೆದಷ್ಟೂ ದೂಡ್ತಾರೆ". ಇದು ಬರೀ ಕಾಲಲ್ಲಿ ಬಲ ಇಲ್ದೆ ವಾಲೋದಲ್ಲ, ಪುಶರ್ ಸಿಂಡ್ರೋಮ್ ಇದ್ದಂಗಿದೆ. ಬಲ ಇಲ್ದೆ ವಾಲೋರು ನೀವು ನೆಟ್ಟಗೆ ಮಾಡಿದ್ರೆ ನಿಮಗೇ ಆತುಕೊಳ್ತಾರೆ. ಇವರು ಗಟ್ಟಿ ಕೈ, ಗಟ್ಟಿ ಕಾಲು ಎರಡ್ರಿಂದಲೂ ತಮ್ಮನ್ನ ತಾವೇ ಸೋತ ಕಡೆಗೆ ದೂಡಿಕೊಳ್ತಾರೆ, ಸರಿ ಮಾಡಕ್ಕೆ ಹೋದ್ರೆ ತಡೀತಾರೆ. ವಾಲೋದು, ದೂಡೋದು, ತಡೆಯೋದು ಮೂರೂ ಇದ್ರೆ ಪುಶರ್ ಅಂತ ಇಟ್ಕೊಳ್ಳಿ.

ಕಾರಣ ಮೆದುಳಲ್ಲಿ. ಮೈ ನೆಟ್ಟಗಿದೆ ಅನ್ನೋ ಅರಿವೇ ಓರೆಯಾಗಿರತ್ತೆ. ಜರ್ಮನಿಯ ಕಾರ್ನಾಟ್ ತಂಡ 2000ದಲ್ಲಿ ಕಣ್ಣು ಕಟ್ಟಿ ಅಳೆದಾಗ, ಇಂಥ ಪೇಷಂಟ್‌ಗಳಿಗೆ ಮೈ ಸುಮಾರು 18 ಡಿಗ್ರಿ ಗಟ್ಟಿ ಕಡೆಗೆ ವಾಲಿದಾಗ "ಈಗ ನೆಟ್ಟಗಿದೀನಿ" ಅನ್ನಿಸ್ತಿತ್ತು. ಅಂದ್ರೆ ನೀವು ನಿಜವಾಗ್ಲೂ ನೆಟ್ಟಗೆ ಕೂರ್ಸಿದ್ರೆ ಅವರಿಗೆ ಲೆಕ್ಕ ತಪ್ಪತ್ತೆ, ಬಿದ್ದೇ ಹೋಗ್ತೀನಿ ಅಂತ ಹೆದರಿ ದೂಡ್ತಾರೆ. ಬೈಯೋದೂ ಅದಕ್ಕೇ, ಹಟಕ್ಕಲ್ಲ. ಆದ್ರೆ ಕಣ್ಣಿನ ಲೆಕ್ಕ ಸರಿ ಇರತ್ತೆ. ಕಂಬ ನೆಟ್ಟಗಿದೆಯಾ ಅಂತ ಕೇಳಿ, ಸರಿಯಾಗಿ ಹೇಳ್ತಾರೆ. ಚಿಕಿತ್ಸೆಗೆ ನಮಗೆ ಸಿಗೋ ಹಿಡಿ ಅದೊಂದೇ.

ಮಂಡಗದ್ದೆ_ಬೆಳ್ಳಕ್ಕಿ
ಇದು ವಾಸಿ ಆಗತ್ತಾ ಸರ್?

ಕೊಪ್ಪ_ನ್ಯೂರೋಫಿಸಿಯೋ
ಹೆಚ್ಚಿನವರಿಗೆ ಆರು ತಿಂಗಳೊಳಗೆ ಹೋಗತ್ತೆ. ಬಲಭಾಗದ ಸ್ಟ್ರೋಕಲ್ಲಿ ಸ್ವಲ್ಪ ನಿಧಾನ. ಅಲ್ಲೀ ತನಕ ಬೀಳದ ಹಾಗೆ ನೋಡ್ಕೊಳ್ಳೋದೇ ದೊಡ್ಡ ಕೆಲಸ.

ಹೊಸನಗರ_ಒಟಿ
ಕೂರ್ಸೋದ್ರಲ್ಲೇ ಮಾಡೋ ತಪ್ಪು ಒಂದಿದೆ. ಮಂಚ ಎತ್ತರ ಇದ್ದು ಪಾದ ನೆಲಕ್ಕೆ ತಾಗದಿದ್ರೆ ಯಾರೇ ಆದ್ರೂ ವಾಲ್ತಾರೆ. ಊಟಕ್ಕೆ ಕೂರೋ ಮಣೆ ಇದೆಯಲ್ಲ, ಒಂದೋ ಎರಡೋ ಪಾದದಡಿ ಇಡಿ. ಎರಡೂ ಹಿಮ್ಮಡಿ ಪೂರ್ತಿ ಊರಬೇಕು, ಮಂಡಿ ಸೊಂಟದ ಮಟ್ಟಕ್ಕೆ ಬರಬೇಕು.

ಆಮೇಲೆ ಬಲಗೈಗೆ ಕೆಲಸ ಕೊಡಿ, ದೂಡಕ್ಕೆ ಬಿಡುವೇ ಇರಬಾರ್ದು. ಬಲಗಡೆ, ಕೈ ನೀಡಿದ್ರೂ ಒಂದು ಗೇಣು ಸಾಲದಷ್ಟು ದೂರದಲ್ಲಿ ಸ್ಟೂಲ್ ಮೇಲೆ ಒಂದು ಬುಟ್ಟಿ ಗೋಟಡಿಕೆ ಇಡಿ. ಒಂದೊಂದೇ ತೆಗೆದು ತಮ್ಮ ತೊಡೆ ಮೇಲಿನ ಬಟ್ಟಲಿಗೆ ಹಾಕಲಿ. ಅಡಿಕೆಗೆ ಕೈ ಚಾಚಿದಾಗ ಮೈಭಾರ ತಾನಾಗೇ ಬಲ ಕುಂಡೆ ಮೇಲೆ ಬರತ್ತೆ. 15-20 ಅಡಿಕೆ ಆದ್ಮೇಲೆ ವಿಶ್ರಾಂತಿ. ನಾವು ಎಳೆದ್ರೆ ಬರದ ತೂಕ ಅಡಿಕೆಗೆ ಬರತ್ತೆ ನೋಡಿ.

ದಬ್ಬೆ_ಸಂಕ
ಅಡಿಕೆಯವರಿಗೆ ಅಡಿಕೆ ಲೆಕ್ಕ ಕೊಟ್ರೆ ಥೆರಪಿ ಅಂತ ಗೊತ್ತೇ ಆಗಲ್ಲ ಮಾರಾಯ್ರೆ 😄 ರಾಶಿ ಯಾವ್ದು ಬೆಟ್ಟೆ ಯಾವ್ದು ಅಂತ ವಿಂಗಡಣೆ ಮಾಡಕ್ಕೂ ಹೇಳಿ.

ಹೊಸನಗರ_ಒಟಿ
ತಮಾಷೆ ಅಲ್ಲ, ಅದು ಎರಡನೇ ಹಂತ. ಗಮನ ಕೆಲಸದ ಮೇಲಿದ್ದಾಗ್ಲೂ ಮೈ ನೆಟ್ಟಗೆ ನಿಂತ್ರೆ ಮಾತ್ರ ಬ್ಯಾಲೆನ್ಸ್ ಬಂತು ಅನ್ನಬಹುದು. ಮೊದಲ ದಿನವೇ ಎರಡೂ ಸೇರ್ಸಬೇಡಿ ಅಷ್ಟೆ.

ಶಿವಮೊಗ್ಗ_ರಿಹ್ಯಾಬ್
ನನ್ನ ಪ್ರಕಾರ ನಡಿಗೆ ಸದ್ಯಕ್ಕೆ ಪೂರ್ತಿ ನಿಲ್ಸಿ. ಕೂರೋದು ಗಟ್ಟಿ ಆಗಲಿ, ಆಮೇಲೆ ನಿಲ್ಲೋದು, ಆಮೇಲೆ ನಡಿಗೆ. ಅಡಿಪಾಯ ಇಲ್ದೆ ಗೋಡೆ ಏರ್ಸಿದ್ರೆ ಎಂತ ಪ್ರಯೋಜನ?

ಕೊಪ್ಪ_ನ್ಯೂರೋಫಿಸಿಯೋ
ಇದು ಹಳೇ ಪಾಠ ಸರ್, ನಾನು ಒಪ್ಪಲ್ಲ. ಕೂತು ಕೂತು ಕೂರೋದು ಸುಧಾರಿಸತ್ತೆ, ನಡಿಗೆ ಸುಧಾರಿಸಬೇಕು ಅಂದ್ರೆ ಹೆಜ್ಜೆ ಹಾಕಲೇಬೇಕು. ಪುಶರ್‌ನವರನ್ನ ನಿಲ್ಸಿದಾಗ ದೂಡೋದು ಎದ್ದು ಕಾಣತ್ತೆ, ಕಲಿಸಕ್ಕೆ ಅವಕಾಶವೂ ಅಲ್ಲೇ. ಒಂದು ದಿನದಲ್ಲಿ ಮೂರೂ ಇರಲಿ: ಕೂತು 10 ನಿಮಿಷ, ಎದ್ದು ಕೂರೋದು 10 ಸಲ, ನಿಂತು ಭಾರ ಬದಲಿಸೋದು ಎರಡು ನಿಮಿಷ, ಆಮೇಲೆ ನಾಲ್ಕು ಹೆಜ್ಜೆ. ನಾಲ್ಕೇ. ಅದು ಹಾಳಾದ್ರೆ ಅವತ್ತಿಗೆ ನಿಲ್ಸಿ.

ಶಿವಮೊಗ್ಗ_ರಿಹ್ಯಾಬ್
ಹಾಗಾದ್ರೆ ಬೇಗ ಶುರು ಮಾಡಿದಷ್ಟೂ ಒಳ್ಳೇದು ಅಂತೀರಾ? ಅವರ್ಟ್ ಟ್ರಯಲ್ ಎಂತ ಹೇಳಿದ್ದು ಮತ್ತೆ?

ಕೊಪ್ಪ_ನ್ಯೂರೋಫಿಸಿಯೋ
ಅವರ್ಟ್ 12ನೇ ದಿನದ ಬಗ್ಗೆ ಹೇಳಲೇ ಇಲ್ಲ. 2015ರದ್ದು, 5 ದೇಶ, 2,104 ಪೇಷಂಟ್. ಮೊದಲ 24 ಗಂಟೆಯೊಳಗೇ ಎಬ್ಬಿಸಿ, ಮಾಮೂಲಿಗಿಂತ ಜಾಸ್ತಿ ಹೊತ್ತು ಮಂಚ ಬಿಟ್ಟು ಓಡಾಡಿಸಿದವರಲ್ಲಿ ಮೂರು ತಿಂಗಳಿಗೆ ಚೆನ್ನಾಗಿ ಚೇತರಿಸಿಕೊಂಡವರು ಕಮ್ಮಿ. ಅದೇ ಲೆಕ್ಕಾನ ಬಿಡಿಸಿ ನೋಡಿದಾಗ, ಸ್ವಲ್ಪ ಸ್ವಲ್ಪ ಹೊತ್ತು, ಹೆಚ್ಚು ಸಲ ಎಬ್ಬಿಸಿದವರು ಚೆನ್ನಾಗಿದ್ರು. ಹಾಗಾಗಿ ಕಲೀಬೇಕಾದ್ದು ತುಂಡು ತುಂಡಾಗಿ ಮಾಡ್ಸೋದು. ದಿನಕ್ಕೆರಡು ಸಲ ಅರ್ಧ ಗಂಟೆ ಎಳೆದಾಡೋ ಬದ್ಲು ಐದಾರು ಸಲ ಹತ್ತು ಹತ್ತು ನಿಮಿಷ.

ಸಾಗರದ_ಸಿಸ್ಟರ್
ಎಬ್ಬಿಸೋ ಮುಂಚೆ ಬಿಪಿ ನೋಡೋದು ಯಾರೂ ಬರೀಲಿಲ್ಲ! ಮಲಗಿದ್ದಾಗ ಒಂದ್ಸಲ, ನಿಂತು ಒಂದು ನಿಮಿಷಕ್ಕೆ, ಮೂರು ನಿಮಿಷಕ್ಕೆ. ಮೇಲಿನ ಅಂಕಿ 20, ಇಲ್ಲಾ ಕೆಳಗಿನದು 10 ಇಳಿದ್ರೆ ಅದು ನಿಂತಾಗ ಬಿಪಿ ಬೀಳೋದು. ಆಗ ಬರೋ ತೂರಾಟಕ್ಕೆ ಬ್ಯಾಲೆನ್ಸ್ ವ್ಯಾಯಾಮ ಮಾಡ್ಸಿ ಪ್ರಯೋಜನ ಇಲ್ಲ, ಡಾಕ್ಟರಿಗೆ ತೋರ್ಸಿ ಮಾತ್ರೆ ನೋಡ್ಬೇಕು. ಎದ್ದು ಕೂರೋ ಮುಂಚೆ ಪಾದ ಆಡ್ಸೋದು, ಮಂಚದ ಅಂಚಲ್ಲಿ ಎರಡು ನಿಮಿಷ ಸುಮ್ನೆ ಕೂರೋದು ರೂಢಿ ಮಾಡ್ಸಿ. ಮೀನಖಂಡ ಒಂದೇ ಕಡೆ ಊದಿ ಬಿಸಿ ಇದ್ರೆ ಅವತ್ತು ನಡೆಸಲೇಬೇಡಿ, ರಕ್ತ ಹೆಪ್ಪುಗಟ್ಟಿದೆಯಾ ನೋಡಿಸ್ಬೇಕು.

ತೀರ್ಥಹಳ್ಳಿ_ಹೋಂಕೇರ್
ಬಿಪಿ ನಿಂತಾಗ 6 ಅಷ್ಟೆ ಇಳಿಯತ್ತೆ, ಅದು ಸರಿ ಇದೆ. ನಿಲ್ಸೋದು ಹೇಗೆ, ನಾನೆಲ್ಲಿ ನಿಲ್ಲಬೇಕು, ಅದನ್ನ ಬಿಡಿಸಿ ಹೇಳ್ತೀರಾ? ಇಬ್ಬರೇ ಇರೋದು, ನಾನು ಮತ್ತೆ ಅವರ ಮಗ.

ಕೊಪ್ಪ_ನ್ಯೂರೋಫಿಸಿಯೋ
ಕುರ್ಚಿ: ಸೀಟು 45ರಿಂದ 50 ಸೆಂಟಿಮೀಟರ್ ಎತ್ತರ, ಕೈ ಇರೋದು. ಪ್ಲಾಸ್ಟಿಕ್ ಕುರ್ಚಿ ಕಾವಿ ನೆಲದ ಮೇಲೆ ಹಿಂದಕ್ಕೆ ಜಾರತ್ತೆ, ಗೋಡೆಗೆ ಆನಿಸಿ ಇಡಿ. ಕುರ್ಚಿಯ ಬಲಗಡೆಯೇ ಜಗಲಿ ಕಂಬವೋ ಬಾಗಿಲ ಚೌಕಟ್ಟೋ ಇರಲಿ.

ಏಳೋದು: ಪಾದ ಎರಡೂ ಮಂಡಿಗಿಂತ ನಾಲ್ಕು ಬೆರಳಷ್ಟು ಹಿಂದೆ. ಮೂಗು ಹೆಬ್ಬೆರಳ ಮೇಲೆ ಬರೋ ತನಕ ಮುಂದೆ ಬಾಗಿ, ಆಮೇಲೆ ಏಳೋದು. ಬಾಗದೇ ನೆಟ್ಟಗೆ ಏಳಕ್ಕೆ ಹೋಗೋದ್ರಿಂದಾನೇ ಹಿಂದಕ್ಕೆ ಬೀಳೋದು. ಮಗ ಎಡಗಡೆ, ಅರ್ಧ ಹೆಜ್ಜೆ ಹಿಂದೆ, ಸೊಂಟದ ಪಟ್ಟಿ ಹಿಡಿದು. ಪಟ್ಟಿ ಇಲ್ಲಾಂದ್ರೆ ದಪ್ಪ ಹತ್ತಿ ಪಂಚೆ ಅಂಗೈ ಅಗಲ ಮಡಿಸಿ, ಬಟ್ಟೆ ಮೇಲೆ ಸೊಂಟಕ್ಕೆ ಸುತ್ತಿ ಗಟ್ಟಿ ಗಂಟು ಹಾಕಿ. ಉಟ್ಟ ಲುಂಗಿ ಹಿಡಿದ್ರೆ ಲುಂಗಿ ಕೈಗೆ ಬರತ್ತೆ, ಮನುಷ್ಯ ಕೆಳಗಿರ್ತಾನೆ.

ನೀವು ಬಲಗಡೆ ನಿಲ್ಲಿ. ಎಳೀಬೇಡಿ. "ನಿಮ್ಮ ಬಲ ಭುಜಾನ ನನ್ನ ಭುಜಕ್ಕೆ ತಂದು ತಾಗ್ಸಿ" ಅನ್ನಿ. ಅವರೇ ಬರಬೇಕು. ಕಂಬದ ಕಡೆ ಕೈ ತೋರ್ಸಿ "ಕಂಬ ನೆಟ್ಟಗಿದೆಯಾ? ನೀವು ನೆಟ್ಟಗಿದೀರಾ?" ಅಂತ ಕೇಳಿ. ಎದುರಿಗೆ ನಿಲುವುಗನ್ನಡಿ ಇಟ್ಟು, ನಡುವೆ ಮೇಲಿಂದ ಕೆಳಗೆ ಬಣ್ಣದ ಟೇಪ್ ಅಂಟಿಸಿದ್ರೆ ಅಂಗಿ ಗುಂಡಿ ಸಾಲು ಟೇಪಿಗೆ ಹೊಂದ್ಸಕ್ಕೆ ಹೇಳಬಹುದು. ಹೊಂದಿದ ಮೇಲೆ 10 ಎಣಿಸೋ ತನಕ ಹಾಗೇ ಇರಲಿ. ಇದಾದ ಮೇಲೇ ಹೆಜ್ಜೆ.

ವಾಕರ್ ಬಗ್ಗೆ ಕೇಳಿದ್ರಲ್ಲ, ಅದನ್ನ ಅಟ್ಟಕ್ಕೆ ಹಾಕಿ. ಎಡಗೈ ಹಿಡಿಯಲ್ಲ, ಬಲಗೈ ಒಂದ್ರಲ್ಲೇ ಎತ್ತಿದ್ರೆ ಓರೆಯಾಗಿ ತಿರುಗತ್ತೆ. ಮೇಲಿಂದ ಪುಶರ್‌ನವರಿಗೆ ಹಿಡಿಯಕ್ಕೆ ಗಟ್ಟಿಯಾದ್ದು ಎಂತ ಕೊಟ್ರೂ ಅದನ್ನ ದೂಡಕ್ಕೇ ಬಳಸ್ತಾರೆ. ಸದ್ಯಕ್ಕೆ ಬಲ ಅಂಗೈಯನ್ನ ಎತ್ತರದ ಟೇಬಲ್ ಮೇಲೆ ಬಟ್ಟೆ ಹಾಕಿ ಜಾರೋ ಹಾಗೆ ಇಡ್ಸಿ.

ನಿಟ್ಟೂರು_ಮಳೆ
ಎಲ್ಲರಿಗೂ ಪುಶರ್ ಅಂತ ಹಣೆಪಟ್ಟಿ ಹಚ್ಚಬೇಡಿ ಆಯ್ತಾ. ಓದಿದವರು ತಮ್ಮ ಮನೆ ಪೇಷಂಟಿಗೂ ಇದನ್ನೇ ಮಾಡ್ತಾರೆ. ಕಿರುಮೆದುಳಿನ ಸ್ಟ್ರೋಕಲ್ಲಿ ಬಲ ಸರಿಯಾಗೇ ಇರತ್ತೆ, ಕಾಲು ಅಗಲಿಸಿ ಕುಡಿದವರ ಥರ ನಡೀತಾರೆ, ಮೂಗು ಮುಟ್ಟು ಅಂದ್ರೆ ಬೆರಳು ಗುರಿ ದಾಟತ್ತೆ. ಮೆದುಳ ಕಾಂಡದ ಪಕ್ಕದ ಸ್ಟ್ರೋಕಲ್ಲಿ ಒಂದೇ ಕಡೆ ಎಳೆದಂಗಾಗತ್ತೆ, ಜೊತೆಗೆ ಸ್ವರ ಬೀಳೋದು, ನುಂಗಕ್ಕೆ ಕಷ್ಟ. ಸ್ಪರ್ಶಜ್ಞಾನ ಹೋದವರು ಕಣ್ಣು ಬಿಟ್ಟಾಗ ನಿಲ್ತಾರೆ, ಮುಖ ತೊಳೆಯೋವಾಗ ಕಣ್ಣು ಮುಚ್ಚಿದ ಕೂಡ್ಲೆ ವಾಲ್ತಾರೆ. ಇವರ್ಯಾರೂ ಸರಿ ಮಾಡಿದ್ರೆ ತಡೆಯಲ್ಲ. ಇನ್ನೊಂದು, ಎಡಭಾಗದ ಪ್ರಪಂಚವೇ ಗಮನಕ್ಕೆ ಬಾರದವರು. ತಟ್ಟೆಯ ಎಡಭಾಗದ ಅನ್ನ ಹಾಗೇ ಬಿಟ್ಟಿರ್ತಾರೆ, ಬಾಗಿಲ ಎಡ ಚೌಕಟ್ಟಿಗೆ ಭುಜ ಹೊಡ್ಕೊಳ್ತಾರೆ. ನಿಮ್ಮ ಪೇಷಂಟಲ್ಲಿ ಇದೂ ಜೊತೆಗಿರಬಹುದು, ಊಟದ ತಟ್ಟೆ ನೋಡಿ.

ತೀರ್ಥಹಳ್ಳಿ_ಹೋಂಕೇರ್
ತಟ್ಟೆ ನೋಡ್ದೆ. ಎಡಗಡೆ ಇದ್ದ ಉಪ್ಪಿನಕಾಯಿ ಮುಟ್ಟಿಲ್ಲ. "ಹಾಕ್ಲೇ ಇಲ್ಲ" ಅಂತಾರೆ.

ಹೊಸನಗರ_ಒಟಿ
ಹಾಗಾದ್ರೆ ಅದೂ ಇದೆ. ಮಾತಾಡ್ಸೋದು ಎಡಗಡೆ ಕೂತು. ಚೌಕಟ್ಟಿನ ಎಡ ಅಂಚಿಗೆ, ಎದೆಮಟ್ಟಕ್ಕೆ ಕೆಂಪು ಟೇಪ್ ಅಂಟಿಸಿ, ಹೊರಡೋ ಮುಂಚೆ ಪ್ರತಿ ಸಲ "ಕೆಂಪು ಹುಡುಕಿ" ಅನ್ನಿ. ನೀರಿನ ಚೊಂಬು, ಕರೆಗಂಟೆ ಮಾತ್ರ ಬಲಗಡೆಯೇ ಇರಲಿ. ಅದ್ರಲ್ಲಿ ಪಾಠ ಮಾಡಕ್ಕೆ ಹೋಗಬೇಡಿ.

ಗೌತಮಪುರ_ಗಾಳಿ
ಬೆಂಗಳೂರಲ್ಲಿ ಮೇಲಿಂದ ತೂಗುಹಾಕಿ ಟ್ರೆಡ್‌ಮಿಲ್ ಮೇಲೆ ನಡೆಸ್ತಾರಲ್ಲ, ಅಲ್ಲಿಗೆ ಕರ್ಕೊಂಡು ಹೋದ್ರೆ ಬೇಗ ಆಗಲ್ವಾ? ದುಡ್ಡು ಇದ್ದವರಿಗೆ?

ಶಿವಮೊಗ್ಗ_ರಿಹ್ಯಾಬ್
ಅಮೆರಿಕದ ಲೀಪ್ಸ್ ಟ್ರಯಲ್, 2011. 408 ಜನ. ಟ್ರೆಡ್‌ಮಿಲ್ ಗುಂಪು, ಮನೆಗೇ ಫಿಸಿಯೋ ಬಂದು ಬಲ-ಬ್ಯಾಲೆನ್ಸ್ ವ್ಯಾಯಾಮ ಮಾಡ್ಸಿದ ಗುಂಪು. ಒಂದು ವರ್ಷಕ್ಕೆ ಎರಡೂ ಒಂದೇ. ತೀರಾ ಕಷ್ಟ ಇದ್ದವರಲ್ಲಿ ಬೇಗ ಟ್ರೆಡ್‌ಮಿಲ್ ಹತ್ತಿಸಿದ ಗುಂಪು ಪದೇ ಪದೇ ಬಿದ್ದಿದ್ದೇ ಜಾಸ್ತಿ. ಘಾಟಿ ಇಳಿದು ಹತ್ತೋ ದುಡ್ಡಲ್ಲಿ ಮನೆಗೆ ವಾರಕ್ಕೆ ಮೂರು ಸಲ ಫಿಸಿಯೋ ಕರೆಸಿ.

ನಿಟ್ಟೂರು_ಮಳೆ
ಶಿವಮೊಗ್ಗದಿಂದ ಬೆಂಗಳೂರಿಗೆ ಯಾವ ಘಾಟಿ ಸರ್? 😂

ಶಿವಮೊಗ್ಗ_ರಿಹ್ಯಾಬ್
ಆಯ್ತು, ಘಾಟಿ ವಾಪಸ್ ತಗೊಂಡೆ. ಬಸ್ ಚಾರ್ಜು ಅಂತ ಓದ್ಕೊಳ್ಳಿ.

ಸಾಗರದ_ಸಿಸ್ಟರ್
ಮನೆಯವರಿಗೆ ಹೇಳ್ಕೊಟ್ಟು ಕೈ ತೊಳ್ಕೊಳ್ಳೋದೂ ಸಾಲದು. ನಮ್ಮ ದೇಶದ್ದೇ ಅಟೆಂಡ್ ಟ್ರಯಲ್, 2017, 14 ಆಸ್ಪತ್ರೆ, 1,250 ಪೇಷಂಟ್. ಮನೆಯವರಿಗೆ ತರಬೇತಿ ಕೊಟ್ಟು ಅವರ ಕೈಲೇ ಮಾಡ್ಸಿದ್ರಲ್ಲಿ ಆರು ತಿಂಗಳಿಗೆ ಮಾಮೂಲಿ ಆರೈಕೆಗಿಂತ ಹೆಚ್ಚಿನ ಫಲ ಕಾಣ್ಲಿಲ್ಲ. ಮನೆಯವರು ಬೇಕು, ಆದ್ರೆ ತಿದ್ದಕ್ಕೆ ಯಾರಾದ್ರೂ ಬರ್ತಾ ಇರ್ಬೇಕು.

ಬಸವಾನಿ_ಭಟ್ರು
ದಿನಾ ಮಹಾನಾರಾಯಣ ತೈಲ ತಿಕ್ಕಿ ಬಿಸಿನೀರು ಹಾಕಿ, ನರ ತಾನಾಗೇ ಬಿಡತ್ತೆ. ಇಷ್ಟೆಲ್ಲ ಎಂತಕ್ಕೆ?

ಕೊಪ್ಪ_ನ್ಯೂರೋಫಿಸಿಯೋ
ತಿಕ್ಕಿ ಭಟ್ರೆ, ಬೇಡ ಅನ್ನಲ್ಲ. ಮೈ ಹಗುರ ಆಗತ್ತೆ, ಬ್ಯಾಲೆನ್ಸ್ ಬರಲ್ಲ. ಅಂಗಾಲಿಗೆ ಹಚ್ಚಿದ್ರೆ ನಿಲ್ಸೋ ಮುಂಚೆ ಕಡ್ಲೆಹಿಟ್ಟು ಹಾಕಿ ತೊಳೀರಿ. ಎಣ್ಣೆ ಪಾದ, ಕಾವಿ ನೆಲ, ಸ್ವಾಧೀನ ಇಲ್ಲದ ಕಾಲು. ಸೊಂಟದ ಮೂಳೆ ಮುರಿಯಕ್ಕೆ ಇನ್ನೆಂತ ಬೇಕು?

ದಬ್ಬೆ_ಸಂಕ
ಜಗಲೀಲಿ ಎರಡು ಸಾಲು ಅಡಿಕೆ ದಬ್ಬೆ (ಸೀಳಿದ ಅಡಿಕೆ ಮರ) ಕಟ್ಟಿ, ನಡುವೆ ಹಿಡ್ಕೊಂಡು ನಡೆಯೋ ಪ್ಯಾರಲಲ್ ಬಾರ್ ಮಾಡಬಹುದಾ? ದೂಡೋದು ನಿಂತ ಮೇಲೆ ಬೇಕಾಗತ್ತಲ್ಲ.

ಹೊಸನಗರ_ಒಟಿ
ದಬ್ಬೆ ಬೇಡ, ಸಿಬರು ಏಳತ್ತೆ. ಸ್ಪರ್ಶ ಗೊತ್ತಾಗದ ಕೈಗೆ ಚುಚ್ಚಿಕೊಂಡ್ರೆ ಕೀವಾಗೋ ತನಕ ತಿಳಿಯಲ್ಲ. ಒಂದೂವರೆ ಇಂಚಿನ ಜಿಐ ಪೈಪು, ಇಲ್ಲಾ ಗಂಟು ಉಜ್ಜಿ ನುಣುಪು ಮಾಡಿದ ಬಿದಿರು. ಉದ್ದ 10 ಅಡಿ. ಎತ್ತರ ತೊಡೆಮೂಳೆಯ ಹೊರಗಿನ ಉಬ್ಬಿಗೆ ಸಮ, ಮೊಣಕೈ ಸ್ವಲ್ಪ ಬಾಗಬೇಕು. ಅಗಲ ಸೊಂಟದ ಆ ಕಡೆ ಈ ಕಡೆ ಮೂರು ಬೆರಳು ಜಾಗ ಬಿಟ್ಟು. ನಡುವಿನ ಕಂಬ ಅಲ್ಲಾಡಿದ್ರೆ ಕಟ್ಟಿದ್ದೇ ದಂಡ, ಐದಡಿಗೆ ಒಂದು ಆಸರೆ ಕಂಬ ಕೊಡಿ. ನೆಲದ ಮೇಲೆ ಚಾಕ್‌ಪೀಸಲ್ಲಿ ಒಂದೊಂದಡಿಗೆ ಅಡ್ಡಗೆರೆ ಎಳೀರಿ. ಸೋತ ಕಾಲು ಉದ್ದ ಹಾಕಿ ಗಟ್ಟಿ ಕಾಲು ಅದರ ಪಕ್ಕಕ್ಕೇ ತಂದು ನಿಲ್ಸೋದು ಎಲ್ಲರೂ ಮಾಡೋ ತಪ್ಪು. ಗಟ್ಟಿ ಕಾಲು ಗೆರೆ ದಾಟಿ ಮುಂದೆ ಹೋದ್ರೇನೇ ಸೋತ ಕಾಲಿನ ಮೇಲೆ ಭಾರ ನಿಲ್ಲೋದು.

ಶಿವಮೊಗ್ಗ_ರಿಹ್ಯಾಬ್
ಮಂಡಿ ಬಗ್ಗೆ ಎಚ್ಚರ. ಭಾರ ಹಾಕೋವಾಗ ಎಡ ಮಂಡಿ ಮುಂದಕ್ಕೆ ಕುಸಿದ್ರೆ ತೊಡೆ ಸ್ನಾಯು ಸಾಲದು. ನಿಮ್ಮ ಮಂಡಿಯಿಂದ ಮುಂದೆ ತಡೆ ಕೊಡಿ. ಹಿಂದಕ್ಕೆ ಬಿಲ್ಲಿನ ಹಾಗೆ ಬಾಗಿ ಲಾಕ್ ಆದ್ರೆ ಅದು "ಗಟ್ಟಿ ನಿಂತಿದೆ" ಅಲ್ಲ, ಅದೇ ಅಭ್ಯಾಸ ಆದ್ರೆ ಕೀಲಿನ ಹಿಂದಿನ ಪೊರೆ ಸಡಿಲ ಆಗಿ ನೋವು ಶುರು. ಮಂಡಿ ನೀಡಿಟ್ಟು ಪಾದ ಮೇಲಕ್ಕೆ ಒತ್ತಿ ನೋಡಿ, ಲಂಬಕೋನಕ್ಕೂ ಬರದಿದ್ರೆ ಮೀನಖಂಡ ಬಿಗಿ, ಅದಕ್ಕೇ ಮಂಡಿ ಹಿಂದೆ ಹೋಗೋದು. ಹಿಮ್ಮಡಿಯಡಿ ಒಂದು ಸೆಂಟಿಮೀಟರ್ ಏರಿಸಿ ನಡೆಸಿ ನೋಡಿ, ತಕ್ಷಣ ವ್ಯತ್ಯಾಸ ಕಾಣತ್ತೆ. ಜೊತೆಗೆ ಬಿಗಿ ಬಿಡಿಸೋ ಕೆಲಸ, ಮಂಡಿ ಒಂಚೂರು ಬಾಗಿಸಿ ನೀಡೋ ಅಭ್ಯಾಸ.

ಹಾಂ, ಪಂಚೆ ಮೇಲೆ ಕಟ್ಟಿಸಿ ಅಥವಾ ಚಡ್ಡಿ ಹಾಕ್ಸಿ. ಮಂಡಿ ಕಾಣದೆ ನಡಿಗೆ ತಿದ್ದೋದು ಹೇಗೆ?

ತೀರ್ಥಹಳ್ಳಿ_ಹೋಂಕೇರ್
ಪಾದ ಜೋಲು ಬೀಳೋದಕ್ಕೆ ಈಗ್ಲೇ ಎಎಫ್‌ಓ (ಪಾದ, ಕಣಕಾಲು ಎತ್ತಿ ಹಿಡಿಯೋ ಪಟ್ಟಿ) ಮಾಡ್ಸೋದಾ?

ಶಿವಮೊಗ್ಗ_ರಿಹ್ಯಾಬ್
ಈಗ ಕ್ರೇಪ್ ಬ್ಯಾಂಡೇಜ್ ಸಾಕು. ಎಂಟರ ಆಕಾರದಲ್ಲಿ, ಪಾದದ ಹೊರ ಅಂಚು ಮೇಲೆತ್ತೋ ಹಾಗೆ ಸುತ್ತಿ, ನಡಿಗೆ ಮುಗಿದ ಕೂಡ್ಲೆ ಬಿಚ್ಚಿ. ಬೆರಳು ತಣ್ಣಗಾದ್ರೆ, ನೀಲಿ ಆದ್ರೆ ಬಿಗಿ ಆಯ್ತು ಅಂತ. ಕೆಲವು ವಾರ ಕಾದೂ ಪಾದ ಏಳದಿದ್ರೆ ಎಎಫ್‌ಓ. ಹಾಕಿದ ಮೊದಲ ದಿನ ಅರ್ಧ ಗಂಟೆಗೆ ಬಿಚ್ಚಿ ಚರ್ಮ ನೋಡಿ, ಕೆಂಪು 20 ನಿಮಿಷ ಆದ್ರೂ ಆರದಿದ್ರೆ ಅಲ್ಲಿ ಉಜ್ಜತ್ತೆ. ಶುಗರ್ ಇದ್ದವರಿಗೆ ದಿನಾ ನೋಡ್ಬೇಕು. ಶೂ ಒಂದು ಸೈಜ್ ದೊಡ್ಡದು ಬೇಕಾಗತ್ತೆ. ಹವಾಯಿ ಚಪ್ಪಲಿ ಮನೆ ಒಳಗೂ ಬೇಡ, ಸೋತ ಕಾಲಿಂದ ಕಳಚಿ ಬೀಳತ್ತೆ. ಹಿಂದೆ ಪಟ್ಟಿ ಇರೋ ಸ್ಯಾಂಡಲ್ ಕೊಡ್ಸಿ.

ಮಂಡಗದ್ದೆ_ಬೆಳ್ಳಕ್ಕಿ
ಹಳೇ ಮನೆ ಹೊಸಿಲಿಗೆ ಎಂತ ಮಾಡೋದು? ನಮ್ಮ ಕಡೆ ಮುಕ್ಕಾಲಡಿ ಎತ್ತರ, ಅಜ್ಜಿಯಂದಿರು ತುಳಿಯಕ್ಕೂ ಬಿಡಲ್ಲ.

ಹೊಸನಗರ_ಒಟಿ
ತುಳಿಯದೇ ದಾಟಬೇಕು ಅಂದ್ರೆ ಒಂಟಿಕಾಲಲ್ಲಿ ಜಾಸ್ತಿ ಹೊತ್ತು ನಿಲ್ಲಬೇಕು, ಬೀಳೋದು ಅಲ್ಲೇ. ಹಲಗೆ ಇಳಿಜಾರು ಅಂದ್ರೆ ಒಂದಕ್ಕೆ ಹನ್ನೆರಡು ಲೆಕ್ಕ, ಮುಕ್ಕಾಲಡಿಗೆ ಒಂಬತ್ತಡಿ ಹಲಗೆ ಬೇಕು. ಆ ಕಡೆಗೊಂದು ಈ ಕಡೆಗೊಂದು ಹಾಕಿದ್ರೆ ನಡುಮನೆ ಪೂರ್ತಿ ಹಲಗೆಯೇ. ಅದರ ಬದ್ಲು ಹೊಸಿಲಿನ ಎರಡೂ ಬದಿಗೆ ಅರ್ಧ ಎತ್ತರದ ಅಗಲ ಮೆಟ್ಟಿಲು, ಅದಕ್ಕೆ ಒರಟು ಚಾಪೆ. ಹಿಡಿಕೆ ಬಾಗಿಲ ಎರಡೂ ಪಕ್ಕ ಹಾಕ್ಸಿ. ಒಂದೇ ಪಕ್ಕ ಹಾಕ್ಸಿದ್ರೆ ಹೋಗೋವಾಗ ಗಟ್ಟಿ ಕೈಗೆ ಸಿಗತ್ತೆ, ಬರೋವಾಗ ಸೋತ ಕೈ ಕಡೆ ಇರತ್ತೆ. ಹತ್ತೋವಾಗ ಗಟ್ಟಿ ಕಾಲು ಮೊದ್ಲು, ಇಳಿಯೋವಾಗ ಸೋತ ಕಾಲು ಮೊದ್ಲು.

ಗೌತಮಪುರ_ಗಾಳಿ
ಸುಧಾರಿಸ್ತಿದೆಯಾ ಇಲ್ವಾ ಅಂತ ಮನೇಲಿ ಅಳೆಯೋದು ಹೇಗೆ?

ಕೊಪ್ಪ_ನ್ಯೂರೋಫಿಸಿಯೋ
ಬರ್ಗ್ ಬ್ಯಾಲೆನ್ಸ್ ಸ್ಕೇಲ್. 14 ಕೆಲಸ, ಒಂದೊಂದಕ್ಕೆ 0ರಿಂದ 4, ಒಟ್ಟು 56. ಕುರ್ಚಿ, ಸ್ಟೂಲು, ಅಳತೆಪಟ್ಟಿ, ಗಡಿಯಾರ ಸಾಕು. 45ಕ್ಕಿಂತ ಕಮ್ಮಿ ಇದ್ರೆ ಬೀಳೋ ಭಯ ಅಂತ ರೂಢಿ, ಹಾಗಂತ 46 ಬಂದ ಕೂಡ್ಲೆ ತೋಟಕ್ಕೆ ಕಳಿಸಬೇಡಿ. ನಡಿಗೆ ಬಂದ ಮೇಲೆ 10 ಮೀಟರ್ ಸಮಯ. 25 ಸೆಕೆಂಡಿಗಿಂತ ಜಾಸ್ತಿ ಆದ್ರೆ ಮನೆ ಒಳಗಿನ ನಡಿಗೆ, 12.5 ಸೆಕೆಂಡೊಳಗೆ ಬಂದ್ರೆ ಪೇಟೆಗೆ ಹೋಗಬಹುದು. ಶುರುವಿಗೆ, ನಿಲ್ಲೋ ಜಾಗಕ್ಕೆ ಎರಡೆರಡು ಮೀಟರ್ ಬಿಟ್ಟು ನಡುವಿನ ಹತ್ತು ಮಾತ್ರ ಅಳೀರಿ.

ತೀರ್ಥಹಳ್ಳಿ_ಹೋಂಕೇರ್
19ನೇ ದಿನ. ವಾಕರ್ ಅಟ್ಟಕ್ಕೆ ಹೋಯ್ತು. ಕೂತಲ್ಲಿ ದೂಡೋದು ಬಹಳ ಕಮ್ಮಿ ಆಗಿದೆ, ಕಂಬ ನೋಡಿ ತಾವೇ ಸರಿಮಾಡ್ಕೊಳ್ತಾರೆ. ನಿಂತಾಗ ಮೊದಲ ಐದು ಸೆಕೆಂಡ್ ದೂಡ್ತಾರೆ, ಆಮೇಲೆ ಬಿಡ್ತಾರೆ. ತಿರುಗೋವಾಗ ಮತ್ತೆ ಶುರು. ಕೋಲು ಯಾವಾಗ?

ಕೊಪ್ಪ_ನ್ಯೂರೋಫಿಸಿಯೋ
ತಿರುಗೋದನ್ನ ಒಂದೇ ಏಟಿಗೆ ಮಾಡ್ಸಬೇಡಿ, ಐದಾರು ಸಣ್ಣ ಹೆಜ್ಜೆಯಲ್ಲಿ ಅರ್ಧ ಸುತ್ತು. ನಿಂತು ಒಂದು ನಿಮಿಷ ದೂಡದೇ ಇದ್ರೆ ಕೋಲು ಕೊಡಿ, ಗಟ್ಟಿ ಕೈಗೆ. ಚಪ್ಪಲಿ ಹಾಕಿ ನಿಂತು ಕೈ ಇಳಿಬಿಟ್ಟಾಗ ಮಣಿಕಟ್ಟಿನ ಗೆರೆಗೆ ಸಮ ಎತ್ತರ. ಉದ್ದ ಆದ್ರೆ ಮತ್ತೆ ಎಡಕ್ಕೆ ದೂಡಿಸತ್ತೆ. ಕೋಲು, ಸೋತ ಕಾಲು, ಗಟ್ಟಿ ಕಾಲು, ಇದೇ ಕ್ರಮ.

ನಿಟ್ಟೂರು_ಮಳೆ
ಮಳೆಗಾಲದಲ್ಲಿ ಒಂದು ಮಾತು. ಇರೋ ಒಂದೇ ಕೈಲಿ ಕೋಲೂ ಹಿಡಿದು ಕೊಡೆಯೂ ಹಿಡಿಯಕ್ಕಾಗಲ್ಲ. ಕೊಡೆಯನ್ನೇ ಕೋಲು ಮಾಡ್ಕೊಳ್ತಾರೆ, ಅದರ ಲೋಹದ ತುದಿ ಪಾಚಿ ಕಲ್ಲಿನ ಮೇಲೆ ಸ್ಕೇಟಿಂಗ್. ಮುಂದೆ ಗುಂಡಿ ಇರೋ ರೇನ್‌ಕೋಟ್ ಕೊಡಿ, ತಲೆ ಮೇಲಿಂದ ಹಾಕೋದಲ್ಲ. ಅಂಗಳದಲ್ಲಿ ನಡೆಯೋ ದಾರಿ ಅಷ್ಟಕ್ಕಾದ್ರೂ ಬ್ಲೀಚಿಂಗ್ ಪೌಡರ್ ಹಾಕಿ ಉಜ್ಜಿ. ದಬ್ಬೆ ಹಾಸಿದ ದಾರೀಲಿ ನಡೆಸಲೇಬೇಡಿ, ಒದ್ದೆ ದಬ್ಬೆ ಮೇಲೆ ಕೋಲಿನ ತುದಿಯ ರಬ್ಬರ್ ಬುಷ್ ನಿಲ್ಲಲ್ಲ.

ದಬ್ಬೆ_ಸಂಕ
ನನ್ನ ಹೆಸ್ರಿಗೇ ಕುತ್ತು ತಂದ್ರಲ್ಲ ಮಾರಾಯ್ರೆ. ಬುಷ್ ಎಷ್ಟು ದಿನಕ್ಕೆ ಬದಲಿಸ್ಬೇಕು?

ನಿಟ್ಟೂರು_ಮಳೆ
ದಿನ ಲೆಕ್ಕ ಇಲ್ಲ. ತಿರುಗಿಸಿ ನೋಡಿ, ಅಡಿಯ ಉಂಗುರದ ಗೆರೆ ಸವೆದು ನುಣ್ಣಗಾದ್ರೆ ಅವತ್ತೇ. ಮೆಡಿಕಲ್ ಶಾಪಿಗೆ ಹೋಗೋವಾಗ ಹಳೇ ಬುಷ್ ಜೇಬಲ್ಲಿಟ್ಕೊಂಡು ಹೋಗಿ, ಅಲ್ಯೂಮಿನಿಯಂ ಕೋಲಿಗೆ ಹೆಚ್ಚಾಗಿ 19 ಎಂಎಂ, ಆದ್ರೆ 16ರದ್ದೂ 22ರದ್ದೂ ಬರತ್ತೆ. ಸಡಿಲ ಆದ್ರೆ ಒಳಗೆ ಬಟ್ಟೆ ತುರುಕಬೇಡಿ, ಕೆಸರಲ್ಲಿ ಬುಷ್ ಅಲ್ಲೇ ಉಳಿದು ಕೋಲು ಮಾತ್ರ ಮೇಲೆ ಬರತ್ತೆ.